ಉರಿದರೆ ಹೇಳಿ

ನನ್ನ ಅಕ್ಕ ಜನರ ಮುಖ ನೋಡಿ ಮಾತಾಡಿಸುವವಳಲ್ಲ, ಮೊಣಕೈ ನೋಡಿ ಮಾತಾಡಿಸುವವಳು. ಬಸ್ಸಿರಲಿ, ಅಂಗಡಿಯ ಸಾಲಿರಲಿ, ಅವಳ ಕಣ್ಣು ಮೊದಲು ಹೋಗುವುದು ಎದುರಿಗಿದ್ದವರ ಮೊಣಕೈಯ ಒಳಮಗ್ಗುಲಿಗೆ. "ಆ ಕಂಡಕ್ಟರ್ ಕೈ ನೋಡೇ, ಎಂಥಾ ನರ! ಕಣ್ಣು ಮುಚ್ಕೊಂಡು ಸೂಜಿ ಹಾಕ್ಬಹುದು" ಎಂದು ಒಮ್ಮೆ ತುಂಬಿದ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ಕಿವಿಯಲ್ಲಿ ಎಂದರೆ ಅರ್ಧ ಬಸ್ಸಿಗೆ ಕೇಳುವಷ್ಟು. ಕಂಡಕ್ಟರ್ ಯಾರೋ ತನ್ನನ್ನು ಮೆಚ್ಚಿಕೊಂಡರೆಂದು ಕ್ರಾಪು ಸರಿಮಾಡಿಕೊಂಡ. ನಾನು ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದುಕೊಂಡು ಮನೆಗೆ ಹೋದೆ.

ನನಗೆ ಗಂಡು ಹುಡುಕಿದ್ದೂ ಅವಳೇ, ಅದೂ ಇದೇ ಕಣ್ಣಿನಿಂದ. ಆಸ್ಪತ್ರೆಯ ಬಿಳಿ ಕೋಟು ಹೊಲಿಸಲು ಒಬ್ಬ ದರ್ಜಿಯ ಅಂಗಡಿಗೆ ಹೋಗಿದ್ದಳು. ಆತ ಅಂಗಿಯ ತೋಳು ಮಡಚಿಕೊಂಡು ಮೇಜಿನ ಮೇಲೆ ಬಟ್ಟೆ ಕತ್ತರಿಸುತ್ತಿದ್ದರಂತೆ. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ, "ಮದುವೆ ಆಗೋದಾದ್ರೆ ಆ ದರ್ಜೀನ ಆಗು, ಅಂಥಾ ಕೈ ನಾನು ಇದುವರೆಗೂ ನೋಡಿಲ್ಲ" ಅಂದಳು. ಗುಣ ಹೇಗೆ, ಕುಡಿಯುತ್ತಾರಾ, ಮನೆಯಲ್ಲಿ ಯಾರ‍್ಯಾರಿದ್ದಾರೆ, ಒಂದನ್ನೂ ವಿಚಾರಿಸಿರಲಿಲ್ಲ. ನನ್ನ ಪುಣ್ಯಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು. ನಮ್ಮನೆಯವರು ತೀರಾ ಮೆತ್ತಗಿನ ಮನುಷ್ಯ. ಅಳತೆ ತೆಗೆಯುವಾಗ ಕೂಡ ಗಿರಾಕಿಗೆ ಟೇಪು ಚುಚ್ಚೀತೇನೋ ಎಂಬಂತೆ ಹಿಡಿಯುತ್ತಿದ್ದರು. ಮನೆಗೆ ಬೇಕಾದ ಸಿಟ್ಟನ್ನೆಲ್ಲ ನಾನೊಬ್ಬಳೇ ಒದಗಿಸಬೇಕಾಗಿತ್ತು, ಒದಗಿಸುತ್ತಲೂ ಇದ್ದೆ.

ಅಕ್ಕನ ಬಗ್ಗೆ ಅವರಿಗೆ ವಿಪರೀತ ಮರ್ಯಾದೆ. 'ಅತ್ತಿಗೆ' ಎಂದು ಕರೆಯುವಾಗಲೇ ಅರ್ಧ ಎದ್ದು ನಿಂತಿರುತ್ತಿದ್ದರು. ಅವಳು ಅವರನ್ನು 'ದರ್ಜಿ ಮಹಾಶಯರು' ಎಂದು ರೇಗಿಸುತ್ತಿದ್ದಳು. ಅಮ್ಮ ಸತ್ತಾಗ ನಾನಿನ್ನೂ ಲಂಗದ ಹುಡುಗಿ, ಅಕ್ಕನೇ ನನ್ನನ್ನು ಸಾಕಿದವಳು. ನರ್ಸಿಂಗ್ ಓದುವಾಗ ಸೂಜಿ ಹಾಕುವುದನ್ನು ಅವಳು ಕಲಿತದ್ದು ನನ್ನ ಕೈಮೇಲೆ. ನಾನು ಅತ್ತರೆ ಒಂದು ಪೆಪ್ಪರಮಿಂಟು, ಅಳದಿದ್ದರೆ ಎರಡು. ನಾನು ಎರಡಕ್ಕಾಗಿ ಹಲ್ಲು ಕಚ್ಚಿ ಕೂರುತ್ತಿದ್ದೆ. ಅವಳು ಮದುವೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆ, "ಒಳ್ಳೇ ನರ ಇದ್ದ ಒಬ್ಬನೂ ತಂಗಿ ಪಾಲಾದ" ಎಂದು ನಗುತ್ತಿದ್ದಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಂದು ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು.

ಅವಳ ಕೆಲಸ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಸ್ಕ್ಯಾನ್ ಮಾಡುವ ಕಡೆ. ಅಲ್ಲಿ ಕಿಟಕಿಯಿಲ್ಲ, ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳಬೇಕಾದಷ್ಟು ಚಳಿ. ಹೊಟ್ಟೆಯೊಳಗಿನ ಗಂಟು, ಕರುಳು, ರಕ್ತನಾಳ ಎಲ್ಲವೂ ಚಿತ್ರದಲ್ಲಿ ಬೇರೆಬೇರೆಯಾಗಿ ಕಾಣಬೇಕಾದರೆ ನರದೊಳಗೆ ಒಂದು ಔಷಧಿ ಹೋಗಬೇಕು. ಜನ ಅದಕ್ಕೆ ಡೈ ಅನ್ನುತ್ತಾರೆ. ನೋಡಲು ನೀರೇ, ಮುಟ್ಟಿದರೆ ಸ್ವಲ್ಪ ಅಂಟು. ಅದನ್ನು ಕೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಲದು, ಯಂತ್ರ ಜೋರಾಗಿ ಒತ್ತಬೇಕು. ಸೂಜಿ ನರದೊಳಗೆ ಸರಿಯಾಗಿ ಕೂತಿದ್ದರೆ ಏನೂ ತೊಂದರೆಯಿಲ್ಲ. ಕೂತಿಲ್ಲದಿದ್ದರೆ ಅಷ್ಟೂ ಔಷಧಿ ಚರ್ಮದಡಿಗೆ ನುಗ್ಗುತ್ತದೆ. ಯಂತ್ರಕ್ಕೆ ನರ ಯಾವುದು, ಮಾಂಸ ಯಾವುದು ಎಂದು ಗೊತ್ತಾಗುವುದಿಲ್ಲ, ಅದು ಒತ್ತುತ್ತಲೇ ಇರುತ್ತದೆ.

ಆದ್ದರಿಂದ ಅಕ್ಕನಿಗೆ ಒಂದು ಪದ್ಧತಿಯಿತ್ತು. ಮೊದಲು ಕಿಡ್ನಿಯ ರಕ್ತಪರೀಕ್ಷೆ ನೋಡುವುದು, ಹಿಂದೆ ಇಂಥ ಔಷಧಿಗೆ ಮೈ ಕೆರೆದಿತ್ತಾ, ಉಸಿರು ಕಟ್ಟಿತ್ತಾ ಎಂದು ಕೇಳುವುದು. ಆಮೇಲೆ ಕೈಗೆ ರಬ್ಬರ್ ಪಟ್ಟಿ ಕಟ್ಟಿ, ಬೆರಳ ತುದಿಯಿಂದ ನರ ಹುಡುಕಿ, ಒರೆಸಿ, ಚುಚ್ಚಿ, ಉಪ್ಪುನೀರು ಬಿಟ್ಟು ನೋಡುವುದು. ಇಷ್ಟನ್ನು ಎಲ್ಲ ನರ್ಸುಗಳೂ ಮಾಡುತ್ತಾರೆ. ಅಕ್ಕ ಇನ್ನೊಂದು ಮಾಡುತ್ತಿದ್ದಳು. ಹೊಟ್ಟೆಯ ಸ್ಕ್ಯಾನಿಗೆ ರೋಗಿ ಎರಡೂ ಕೈ ತಲೆಯ ಹಿಂದಕ್ಕೆ ಚಾಚಿ ಮಲಗಬೇಕು. ಅವಳು ಆ ಕೈಗಳ ಹತ್ತಿರ, ತಲೆಯ ಹಿಂದೆ ನಿಲ್ಲುತ್ತಿದ್ದಳು. ಸೂಜಿಗಿಂತ ಒಂದಂಗುಲ ಮುಂದೆ, ಚರ್ಮದ ಮೇಲೆ, ತೋರುಬೆರಳು ಇಟ್ಟುಕೊಂಡು, "ಮೈಯೆಲ್ಲ ಬಿಸಿ ಆಗುತ್ತೆ, ಚಡ್ಡೀಲೇ ಉಚ್ಚೆ ಹೋಯ್ತೇನೋ ಅನ್ಸುತ್ತೆ, ಹೆದರ್ಕೋಬೇಡಿ, ಹೋಗಿರಲ್ಲ. ಆದ್ರೆ ಸೂಜಿ ಹತ್ರ ಉರಿದ್ರೆ ಹೇಳಿ. ಜೋರಾಗಿ ಹೇಳಿ" ಅನ್ನುತ್ತಿದ್ದಳು. ಆಮೇಲೆ ಗಾಜಿನ ಆಚೆ ಕೂತ ಆಪರೇಟರಿಗೆ ತಲೆಯಾಡಿಸುವುದು. ಯಂತ್ರ ಒತ್ತಲು ಶುರುಮಾಡಿದ ಮೇಲೂ ಬೆರಳು ಅಲ್ಲೇ. ಚರ್ಮದಡಿ ಔಷಧಿ ಸರಿಯಾಗಿ ಹರಿಯುತ್ತಿದ್ದರೆ ಅವಳ ಬೆರಳಿಗೆ ಗೊತ್ತಾಗುತ್ತಿತ್ತು, ಉಬ್ಬತೊಡಗಿದರೂ ಗೊತ್ತಾಗುತ್ತಿತ್ತು. ಚಿತ್ರ ತೆಗೆಯುವ ಮುಂಚೆ ಓಡಿ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಆ ದಪ್ಪ ಬಾಗಿಲಿಗೆ ಸಿಕ್ಕಿ ಅವಳ ಸೆರಗು ಎಷ್ಟು ಸಲ ಹರಿದಿದೆಯೋ, ಹೊಲಿದುಕೊಟ್ಟವಳು ನಾನು.

ಅಲ್ಲಿ ಅವಳಿಗೆ 'ಒಂದೇ ಚುಚ್ಚು' ಎಂದೇ ಹೆಸರು. ವಾರ್ಡುಗಳಿಂದ ಜನ ಬಂದು, "ಆ ಒಂದೇ ಚುಚ್ಚಿನ ಅಕ್ಕ ಇದಾರಾ?" ಎಂದು ಕೇಳುತ್ತಿದ್ದರು. ಅವಳ ಕೈಗುಣ ಒಳ್ಳೆಯದು ಎಂದು ಮುದುಕಿಯರು ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅವಳು ಬೇಡ ಬೇಡ ಅನ್ನುತ್ತಿದ್ದಳು, ಆದರೆ ಕೈ ಎಳೆದುಕೊಳ್ಳುತ್ತಿರಲಿಲ್ಲ. ಅವಳ ಜೊತೆಗೆ ದಪ್ಪ ಕನ್ನಡಕದ ಇನ್ನೊಬ್ಬ ಸಿಸ್ಟರ್ ಇದ್ದಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವ ಗೆಳತಿಯರು, ಸೂಜಿಯ ವಿಷಯ ಬಂದರೆ ಮಾತ್ರ ಸವತಿಯರು. ಎರಡು ಸಲ ಚುಚ್ಚಿ ನರ ಸಿಗದಿದ್ದರೆ ಹಠ ಮಾಡದೆ ಬೇರೆಯವರನ್ನು ಕರೆಯಬೇಕು ಎಂಬುದು ಅಲ್ಲಿನ ನಿಯಮ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವಳು ಅಕ್ಕನೇ. ಕನ್ನಡಕದವಳು ಅಕ್ಕನನ್ನು ಕರೆದದ್ದು ಬೇಕಾದಷ್ಟು ಸಲ. ಅಕ್ಕ ಅವಳನ್ನು ಕರೆದದ್ದು ಯಾರಿಗೂ ನೆನಪಿಲ್ಲ.

ನಮ್ಮನೆಯವರಿಗೆ ಹೊಟ್ಟೆಯಲ್ಲಿ ಗಂಟು ಎಂದು ಗೊತ್ತಾದದ್ದು ಶಾಲೆಗಳು ತೆರೆಯುವ ಸಮಯ, ಅಂಗಡಿಯಲ್ಲಿ ಯೂನಿಫಾರ್ಮಿನ ರಾಶಿ ಬಿದ್ದಿತ್ತು. ರೋಗದ ಹೆಸರು ಹೇಳುವುದಿಲ್ಲ, ಆ ಹೆಸರನ್ನು ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಗಂಟು ಕರಗಲು ನರಕ್ಕೆ ಔಷಧಿ ಹಾಕಬೇಕೆಂದರು. ನಮ್ಮನೆಯವರು ಕೇಳಿಕೊಂಡದ್ದು ಒಂದೇ: "ಎಡಗೈಗೆ ಹಾಕಿ. ಬಲಗೈ ಕತ್ತರಿ ಹಿಡಿಯೋ ಕೈ." ಎಡಗೈಗೇ ಹಾಕಿದರು. ಒಂದೊಂದು ಸಲಕ್ಕೂ ಒಂದೊಂದು ನರ ಕಪ್ಪಾಗಿ, ಗಟ್ಟಿಯಾಗಿ, ಮುಟ್ಟಿದರೆ ಹುರಿಯ ಹಾಗೆ ಸಿಗತೊಡಗಿತು. ಎದೆಯ ಚರ್ಮದಡಿ ಒಂದು ಪುಟ್ಟ ಡಬ್ಬಿ ಕೂರಿಸಿ ಅದರ ಮೂಲಕ ಕೊಟ್ಟು ನೋಡಿದರು. ಅದು ಕೀವಾಗಿ ತೆಗೆಯಬೇಕಾಯಿತು. ಅಕ್ಕ ಮೆಚ್ಚಿ ತಂದ ಆ ಕೈ ಮೆಲ್ಲಮೆಲ್ಲಗೆ ಸಪ್ಪೆಯಾಯಿತು. ಮೈ ಇಳಿದು ಬಲಗೈಯ ನರಗಳೂ ಒಳಗೆ ಸರಿದವು. ಅವರು ಮಾತ್ರ ವಾರದಲ್ಲಿ ನಾಲ್ಕು ದಿನ ಅಂಗಡಿ ತೆರೆದು ಕತ್ತರಿಸುವುದನ್ನು ಬಿಡಲಿಲ್ಲ. ಕತ್ತರಿಯ ಸದ್ದು ಕೇಳುತ್ತಿದ್ದಷ್ಟು ಹೊತ್ತು ನಾನು ಪಕ್ಕದಲ್ಲಿ ಧೈರ್ಯವಾಗಿ ಕಾಜಾ ಹೊಲಿಯುತ್ತಿದ್ದೆ.

ಔಷಧಿ ಅರ್ಧ ಮುಗಿದ ಮೇಲೆ ಗಂಟು ಕುಗ್ಗಿದೆಯೋ ಇಲ್ಲವೋ ನೋಡಬೇಕಾಗಿತ್ತು. ಕುಗ್ಗಿದ್ದರೆ ಇದೇ ಔಷಧಿ, ಇಲ್ಲದಿದ್ದರೆ ಬೇರೆ. ಡೈ ಇಲ್ಲದೆ ಅದು ಕಾಣುವುದಿಲ್ಲ. ಅಕ್ಕ ಅವರನ್ನು ತಾನೇ ಒಳಗೆ ಕರೆದುಕೊಂಡು ಹೋದಳು. ನಾನು ಹೊರಗಿನ ಬೆಂಚಿನಲ್ಲಿ ಅವರ ಅಂಗಿ, ಗಡಿಯಾರ, ಉಂಗುರ ಹಿಡಿದುಕೊಂಡು ಕೂತೆ. ಬಾಗಿಲ ಮೇಲಿನ ಕೆಂಪು ದೀಪ ಹತ್ತಲು ಯಾಕೋ ತಡವಾಯಿತು. ಕನ್ನಡಕದ ಸಿಸ್ಟರ್ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಾ ನನ್ನನ್ನು ನೋಡಿ ನಕ್ಕಳು, ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಒಂದು ಗೋಡೆಯ ಆಚೆ ಅಕ್ಕ ಎಡಗೈಗೆ ಎರಡು ಸಲ ಚುಚ್ಚಿ, ಬಲ ಮೊಣಕೈಗೆ ಒಂದು ಸಲ ಚುಚ್ಚಿ, ಮೂರೂ ಸಿಗದೆ, ನಾಲ್ಕನೆಯದನ್ನು ಬಲ ಅಂಗೈಯ ಹಿಂಭಾಗದ ಸಣ್ಣ ನರಕ್ಕೆ ಹಾಕುತ್ತಿದ್ದಳು. ಅಂಥ ನರ ಯಂತ್ರದ ಒತ್ತಡಕ್ಕೆ ತಡೆಯುವುದು ಕಷ್ಟ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕನ್ನಡಕದವಳನ್ನು ಒಂದು ಕೂಗು ಕೂಗಿದ್ದರೆ ಸಾಕಾಗಿತ್ತು. ಕೂಗಲಿಲ್ಲ.

ಕೆಂಪು ದೀಪ ಹತ್ತಿತು, ಆರಿತು. ಅಕ್ಕ ಒಳಗೆ ಓಡಿದ ಸದ್ದು ಕೇಳಿಸಿತು. ಆಮೇಲೆ ಆಪರೇಟರ್ ಓಡಿದ. ಆಮೇಲೆ ಚಹಾ ಲೋಟ ಅಲ್ಲೇ ಬಿಟ್ಟು ಕನ್ನಡಕದವಳು ಓಡಿದಳು.

ಅವರು ಹೊರಗೆ ಬಂದಾಗ ಬಲಗೈಯನ್ನು ಎತ್ತಿ ಹಿಡಿದಿದ್ದರು, ಅದಕ್ಕೆ ತಣ್ಣನೆಯ ಬಟ್ಟೆ ಸುತ್ತಿತ್ತು. ಬಟ್ಟೆ ಸರಿಸಿ ನೋಡಿದರೆ ಕೈ ಮಣಿಕಟ್ಟಿನಿಂದ ಬೆರಳುಗಳ ತನಕ ಉಬ್ಬಿ, ಚರ್ಮ ಬಿಗಿದು ಮಿನುಗುತ್ತಿತ್ತು. "ಏನಿಲ್ಲ, ಸ್ವಲ್ಪ ಬಾತಿದೆ" ಅಂದರು, ನನಗೆ ಸಮಾಧಾನ ಹೇಳುವವರ ಹಾಗೆ. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ನೀಲಿಯಾದವು, ಮುಟ್ಟಿದರೆ ಗೊತ್ತಾಗುವುದಿಲ್ಲ ಅಂದರು. ಸಂಜೆ ಆಪರೇಷನ್ ಮಾಡುವ ಡಾಕ್ಟರು ಕೈಯನ್ನು ಉದ್ದಕ್ಕೆ ಸೀಳಿ ಒತ್ತಡ ಬಿಡಿಸಿದರು. ಆಮೇಲೆ ಚರ್ಮ ಸತ್ತು, ತೊಡೆಯಿಂದ ಚರ್ಮ ತೆಗೆದು ಹಚ್ಚಿ, ಗಾಯ ಒಣಗುವಷ್ಟರಲ್ಲಿ ಬೆರಳುಗಳು ಅರ್ಧ ಮಡಚಿಕೊಂಡ ಹಾಗೆಯೇ ಗಟ್ಟಿಯಾಗಿ ನಿಂತುಬಿಟ್ಟವು. ಒಂದು ಲೋಟ ಹಿಡಿಯಲೂ ಬಾರದ ಕೈ ಕತ್ತರಿ ಎಲ್ಲಿ ಹಿಡಿದೀತು?

ಕೈ ಸೀಳಿದ ದಿನ ಅಕ್ಕ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲು ಧೈರ್ಯವಿಲ್ಲದೆ. ನಾನೇ ಹೊರಗೆ ಹೋದೆ.

"ನಿನ್ನ ಕೈಗುಣಕ್ಕೆ ಬೆಂಕಿ ಹಾಕ. ನನ್ನ ಗಂಡನ ಕೈ ತಿಂದ್ಬಿಟ್ಟೆ."

"ಹೌದು ಕಣೇ," ಅಂದಳು.

"ಆ ಕನ್ನಡಕದವಳನ್ನ ಕರೆದಿದ್ರೆ ನಿನ್ನ ಕಿರೀಟ ಬಿದ್ದುಹೋಗ್ತಿತ್ತಾ?"

"ಹೌದು," ಅಂದಳು ಮತ್ತೆ. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಎಲ್ಲದಕ್ಕೂ ಹೌದು ಅನ್ನುವವಳ ಜೊತೆ ಏನು ಆಡುವುದು? "ಇನ್ನು ನನಗೆ ನಿನ್ನ ಮುಖ ತೋರಿಸ್ಬೇಡ" ಎಂದು ಹೇಳಿ ಒಳಗೆ ಬಂದೆ. ನನ್ನನ್ನು ಸಾಕಿದವಳಿಗೆ ಹೇಳಿದ ಮಾತು ಅದು, ಹೇಳಿದೆ, ಹೇಳಿದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

ಆಸ್ಪತ್ರೆಯವರು ವಿಚಾರಣೆ ಮಾಡಿದಾಗಲೂ ಅವಳು ಎಲ್ಲಕ್ಕೂ ಹೌದು ಅಂದಳಂತೆ. ಕೆಲಸದಿಂದ ತೆಗೆಯಲಿಲ್ಲ. ತಾನಿನ್ನು ಸೂಜಿ ಮುಟ್ಟುವುದಿಲ್ಲ ಎಂದು ಅವಳೇ ಹೇಳಿ, ಅದೇ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ರೋಗಿಗಳ ಗೌನು ಮಡಚಿಡುವ ಕೆಲಸ ಕೇಳಿ ಪಡೆದಳು. ವಾರ್ಡಿನವರು ಬಂದು ಒಂದೇ ಚುಚ್ಚಿನ ಅಕ್ಕ ಇದಾರಾ ಎಂದು ಕೇಳಿದರೆ ಕನ್ನಡಕದ ಸಿಸ್ಟರ್, "ರಜೆಯಲ್ಲಿದ್ದಾರೆ" ಅನ್ನುತ್ತಿದ್ದಳಂತೆ.

ನಮ್ಮ ಅಂಗಡಿಯ ಮೇಜಿನ ಮೇಲೆ ಕತ್ತರಿ ಹಾಗೇ ಬಿದ್ದಿತ್ತು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಜನ ಒಬ್ಬೊಬ್ಬರಾಗಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, ವಾಪಸು ತೆಗೆದುಕೊಂಡು ಹೋದರು. ನಮ್ಮನೆಯವರು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆಯಲು ಕಲಿತರು. ಅವರು ಎಳೆದ ಗೆರೆಯ ಮೇಲೆ ನಾನು ಕತ್ತರಿಸುತ್ತಿದ್ದೆ. ನನ್ನ ಕತ್ತರಿ ಗೆರೆ ಬಿಟ್ಟು ಓಡಾಡಿದರೆ, "ನೀನು ಬಟ್ಟೆ ಜೊತೆಗೂ ಜಗಳ ಆಡ್ತೀಯಲ್ಲ" ಎಂದು ನಗುತ್ತಿದ್ದರು. ದಿನಾ ಸಂಜೆ ಒಂದೇ ಪ್ರಶ್ನೆ: "ಅತ್ತಿಗೆ ಬಂದಿದ್ರಾ?" ಇಲ್ಲ ಅನ್ನುತ್ತಿದ್ದೆ. ಅವಳು ಬೀದಿಯ ಕೊನೆಯ ತನಕ ಬಂದು ನಮ್ಮ ಕಿಟಕಿ ನೋಡಿ ಹೋಗುತ್ತಾಳೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಅದನ್ನು ನಮ್ಮನೆಯವರಿಗೆ ಹೇಳಲಿಲ್ಲ. ಕೈ ಕಳೆದುಕೊಂಡವರಿಗೆ ಸಿಟ್ಟಿಲ್ಲ, ಕೈ ಇರುವ ನನಗೆ ಸಿಟ್ಟು ಎಂಬುದು ಇನ್ನೂ ಸಿಟ್ಟು ತರಿಸುತ್ತಿತ್ತು.

ಅವತ್ತಿನ ಸ್ಕ್ಯಾನು ಕೆಟ್ಟಿತ್ತಲ್ಲ, ಗಂಟಿನ ಕಥೆ ಏನೆಂದು ಡಾಕ್ಟರಿಗೆ ಗೊತ್ತಾಗಲೇ ಇಲ್ಲ. ಕೈಯ ಗಾಯ ಒಣಗುವ ತನಕ ಔಷಧಿಯನ್ನೂ ನಿಲ್ಲಿಸಿದ್ದರು. ಈಗ ಮತ್ತೆ ಡೈ ಹಾಕಿ ನೋಡಲೇಬೇಕು ಅಂದರು. ಉಳಿದಿದ್ದದ್ದು ಎಡಗೈ ಒಂದು. ವಿಶ್ರಾಂತಿ ಸಿಕ್ಕಿದ್ದಕ್ಕೆ ಅದರಲ್ಲಿ ಒಂದು ನರ ಸ್ವಲ್ಪ ಚೇತರಿಸಿಕೊಂಡಿತ್ತು. ಆ ಕೈಯೂ ಹೋದರೆ ಊಟ ಕೂಡ ನಾನೇ ಮಾಡಿಸಬೇಕು ಎಂಬ ಯೋಚನೆಯಲ್ಲೇ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಆಗ ನಮ್ಮನೆಯವರು, ನಮ್ಮ ಇಡೀ ಸಂಸಾರದಲ್ಲಿ ಮೊದಲ ಸಲ, ಹಠ ಹಿಡಿದರು.

"ಅತ್ತಿಗೆ ಪಕ್ಕದಲ್ಲಿ ನಿಲ್ಬೇಕು. ಇಲ್ಲದಿದ್ರೆ ನಾನು ಆ ಮೇಜಿನ ಮೇಲೆ ಮಲಗಲ್ಲ."

"ಅವಳಿಗೆ ಒಂದು ಕೈ ಸಾಲಲಿಲ್ವಾ?" ಎಂದೆ.

"ಚುಚ್ಚೋದು ಬೇರೆಯವರು ಚುಚ್ಚಲಿ. ಅವರು ನಿಲ್ಲಲಿ. ನೀನೇ ಹೋಗಿ ಕರಿ."

ಹೋದೆ. ಹೋಗದೆ ಏನು ಮಾಡಲಿ? ಅಕ್ಕ ಮಹಡಿಯ ಕೋಣೆಯಲ್ಲಿ ಹಾಸಿಗೆಯ ತುದಿಯಲ್ಲಿ ಕೂತಿದ್ದಳು. ಕತ್ತಿನ ಮೂಳೆ ಕಾಣುವಷ್ಟು ಬಡವಾಗಿದ್ದಳು. ನನ್ನನ್ನು ನೋಡಿ ಎದ್ದವಳಿಗೆ ಕುರ್ಚಿ ಕೊಡಬೇಕೋ ನೀರು ಕೊಡಬೇಕೋ ತೋಚಲಿಲ್ಲ. ನಾನು ನಿಂತೇ ವಿಷಯ ಹೇಳಿದೆ. ಅವಳು ಎರಡೂ ಕೈ ಮುಂದಕ್ಕೆ ಚಾಚಿ ತೋರಿಸಿದಳು. ಬೆರಳುಗಳು ಸಣ್ಣಗೆ ಅದುರುತ್ತಿದ್ದವು.

"ನೋಡು. ಇದನ್ನಿಟ್ಕೊಂಡು ಏನು ಮಾಡ್ಲಿ?"

"ಅದುರಲಿ. ಬಂದು ನಿಲ್ಲು. ನಾನು ಕರೀತಿಲ್ಲ, ಅವರು ಕರೀತಿದಾರೆ" ಎಂದು ಹೇಳಿ ಮೆಟ್ಟಿಲಿಳಿದು ಬಂದೆ.

ಎರಡನೆಯ ಸ್ಕ್ಯಾನಿನ ದಿನ ನಾನು ಹೊರಗಿನ ಬೆಂಚಿನಲ್ಲಿ ಕೂರಲಿಲ್ಲ. ನನ್ನ ಬಾಯಿಗೆ ಹೆದರಿಯೋ ಏನೋ, ಆಪರೇಟರ್ ನನ್ನನ್ನು ಗಾಜಿನ ಈಚೆ ತನ್ನ ಕುರ್ಚಿಯ ಹಿಂದೆ ನಿಲ್ಲಲು ಬಿಟ್ಟ. ಅಲ್ಲಿ ಒಂದು ಪುಟ್ಟ ಸ್ಪೀಕರ್ ಇತ್ತು, ಒಳಗಿನ ಮಾತೆಲ್ಲ ಅದರಲ್ಲಿ ಕೇಳಿಸುತ್ತಿತ್ತು. ಕನ್ನಡಕದ ಸಿಸ್ಟರ್ ಮೊಣಕೈಗಿಂತ ಸ್ವಲ್ಪ ಕೆಳಗೆ ಚುಚ್ಚಿದಳು. ಮೊದಲನೆಯದು ಸಿಗಲಿಲ್ಲ, ಎರಡನೆಯದು ಸಿಕ್ಕಿತು. ಉಪ್ಪುನೀರು ಸಲೀಸಾಗಿ ಹೋಯಿತು. ಯಂತ್ರದ ವೇಗವನ್ನು ಆದಷ್ಟು ಇಳಿಸಲು ಹೇಳಿ ಅವಳು ಹೊರಗೆ ಬಂದಳು. ಮೇಜಿನ ಮೇಲೆ ನಮ್ಮನೆಯವರು ಕೈ ಹಿಂದಕ್ಕೆ ಚಾಚಿ ಮಲಗಿದ್ದರು, ಒಂದು ಕೈ ನೇರ, ಒಂದು ಮುದುಡಿದ್ದು. ಅವರ ತಲೆಯ ಹಿಂದೆ ಅಕ್ಕ ನಿಂತಿದ್ದಳು. ಅವರಿಗೆ ಅವಳ ಮುಖ ಕಾಣುವಂತಿರಲಿಲ್ಲ.

"ಉರಿದ್ರೆ ಹೇಳಿ," ಅಂದಳು ಅಕ್ಕ. ಸ್ಪೀಕರಿನಲ್ಲಿ ಅವಳ ದನಿ ಯಾರದೋ ದನಿಯಂತಿತ್ತು.

"ಆವತ್ತೂ ಉರಿದಿತ್ತು ಅತ್ತಿಗೆ," ಅಂದರು ನಮ್ಮನೆಯವರು. "ಶುರುವಿನಿಂದಲೇ ಉರಿದಿತ್ತು."

ಅಕ್ಕ ಸೂಜಿಯ ಮುಂದೆ ಬೆರಳಿಟ್ಟಳು.

"ನಾಲ್ಕು ಸಲ ಚುಚ್ಚಿ ನೀವು ಸೋತುಹೋಗಿದ್ರಿ. ಕೂಗಿದ್ರೆ ಎಲ್ಲರ ಮುಂದೆ ನಿಮಗೆ ಅವಮಾನ ಆಗುತ್ತೆ ಅಂತ ಹಲ್ಲು ಕಚ್ಕೊಂಡು ಮಲಗಿದ್ದೆ. ಈಗ ಮುಗಿಯುತ್ತೆ, ಈಗ ಮುಗಿಯುತ್ತೆ ಅಂತ."

"ನಾನು ಆವತ್ತು ಬೆರಳು ಇಟ್ಟಿರಲಿಲ್ಲ," ಅಂದಳು ಅಕ್ಕ. "ಇಟ್ಟಿದ್ದೆ, ತೆಗೆದ್ಬಿಟ್ಟೆ. ಕೈ ನಡುಗ್ತಿತ್ತು. ನಿಮಗೆ ಗೊತ್ತಾದ್ರೆ ಹೆದರ್ಕೋತೀರಿ ಅಂತ."

"ಬೆರಳು ಹೋಗಿದ್ದು ಗೊತ್ತಾಯ್ತು."

"ಈ ಸಲ ಮರ್ಯಾದೆಗಿರ್ಯಾದೆ ಬೇಡ. ಕಿರುಚಿ."

"ನೀವೂ ಬೆರಳು ತೆಗೀಬೇಡಿ. ನಡುಗಿದ್ರೆ ನಡುಗಲಿ."

ಆಪರೇಟರ್ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಅವನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಒಳಗೆ ನುಗ್ಗಿ ಇಬ್ಬರ ಕೆನ್ನೆಗೂ ಬಾರಿಸಬೇಕು ಅನ್ನಿಸಿತು. ಅವಳಿಗೆ ನೋವಾಗಬಾರದೆಂದು ಇವರು ಸುಮ್ಮನಿದ್ದರು, ಇವರಿಗೆ ಭಯವಾಗಬಾರದೆಂದು ಅವಳು ಬೆರಳು ತೆಗೆದಳು. ಇವರಿಬ್ಬರ ಒಳ್ಳೆಯತನದ ನಡುವೆ ಆ ಯಂತ್ರ ತನ್ನ ಪಾಡಿಗೆ ತಾನು ಒತ್ತುತ್ತಾ ಹೋಗಿತ್ತು. ಒಬ್ಬರಾದರೂ ಒರಟರಾಗಿದ್ದರೆ ಆ ಕೈ ಉಳಿಯುತ್ತಿತ್ತು. ಮೇಜಿನ ಮೇಲೆ ಮಲಗಿದ್ದು ನಾನಾಗಿದ್ದರೆ ಕಟ್ಟಡ ಅಲುಗುವ ಹಾಗೆ ಕೂಗುತ್ತಿದ್ದೆ.

ಅಕ್ಕ ತಲೆಯಾಡಿಸಿದಳು. ಯಂತ್ರ ಶುರುವಾಯಿತು. ಅವಳ ಬೆರಳು ಅವರ ಚರ್ಮದ ಮೇಲಿತ್ತು, ಅದುರುತ್ತಿದ್ದದ್ದು ಗಾಜಿನ ಈಚೆಗೂ ಕಾಣುತ್ತಿತ್ತು.

"ಉರೀತಿದೆ ಅತ್ತಿಗೆ! ಉರೀತಿದೆ!"

ಆ ಮನುಷ್ಯನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಅದುವರೆಗೂ ಗೊತ್ತಿರಲಿಲ್ಲ. ಸ್ಪೀಕರ್ ಕರಕರ ಎಂದಿತು. ಅದೇ ಕ್ಷಣಕ್ಕೆ ಅಕ್ಕ "ನಿಲ್ಸು!" ಎಂದು ಕೂಗಿದಳು. ಆಪರೇಟರ್ ಗುಂಡಿ ಒತ್ತಿದ. ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಚರ್ಮದಡಿ ಸಣ್ಣ ಕಡಲೆಕಾಳಿನಷ್ಟು ಉಬ್ಬು ಎದ್ದಿತ್ತು, ಅಷ್ಟೇ. ಅಕ್ಕ ಸೂಜಿ ತೆಗೆದು, ಕೈಯನ್ನು ಎತ್ತಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿಸಿ ನೋಡುತ್ತಿದ್ದಳು. "ಇದು ಆಡಿಸಿ. ಇದು. ಈಗ ಇದು." ಎಲ್ಲವೂ ಆಡಿದವು. ಅವರು ನನ್ನನ್ನು ನೋಡಿ, "ಕೇಳಿಸ್ತಾ?" ಅಂದರು, ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ. ನಾನು, "ಆವತ್ತು ಕೇಳಿಸ್ಬೇಕಿತ್ತು" ಎಂದೆ. ಆಮೇಲೆ ಅಳು ಬಂತು. ಅಕ್ಕ ನನ್ನನ್ನು ಮುಟ್ಟಲು ಬಂದಳು, ನಾನು ಬೇಡ ಅನ್ನಲಿಲ್ಲ.

ಚಿತ್ರ ಸಿಗಲಿಲ್ಲ. ಮತ್ತೆ ಚುಚ್ಚುವುದು ಬೇಡವೆಂದು ಡಾಕ್ಟರೇ ಹೇಳಿದರು. ಡೈ ಇಲ್ಲದೆ ತೆಗೆದ ಚಿತ್ರದಲ್ಲಿ ಅರ್ಧ ಕಂಡಿತು, ಉಳಿದದ್ದನ್ನು ಅಂದಾಜು ಮಾಡಿ ಔಷಧಿ ಬದಲಾಯಿಸಿದರು. ಅಂದಾಜು ಸರಿಯಿತ್ತೋ ಇಲ್ಲವೋ, ತಡವಾಗಿತ್ತೋ, ಯಾರಿಗೆ ಗೊತ್ತು? ಗಂಟು ನಿಲ್ಲಲಿಲ್ಲ. ಮೊದಲನೆಯ ಸಲವೇ ಸರಿಯಾಗಿ ಕಂಡಿದ್ದರೆ ಎಂದು ನಾನು ಒಮ್ಮೆಯೂ ಬಾಯಿಬಿಟ್ಟು ಕೇಳಿಲ್ಲ. ಅಕ್ಕನೂ ಕೇಳಿಲ್ಲ. ಇಬ್ಬರೂ ಅದನ್ನೇ ಯೋಚಿಸುತ್ತೇವೆ ಎಂದು ಇಬ್ಬರಿಗೂ ಗೊತ್ತು.

ಆ ಕೊನೆಯ ತಿಂಗಳುಗಳಲ್ಲಿ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ನಾನು ಕರೆಯಲಿಲ್ಲ, ಅವಳು ಚೀಲ ಹಿಡಿದುಕೊಂಡು ಬಂದಳು, ನಾನು ಬಾಗಿಲು ತೆರೆದೆ. ನಮ್ಮನೆಯವರು ಎಡಗೈಯಿಂದ ಗೆರೆ ಎಳೆದು, ನಾನು ಕತ್ತರಿಸಿ, ಅವಳಿಗೊಂದು ಹೊಸ ಬಿಳಿ ಕೋಟು ಹೊಲಿದೆವು. ಒಂದು ತೋಳು ಇನ್ನೊಂದಕ್ಕಿಂತ ಸ್ವಲ್ಪ ಗಿಡ್ಡವಾಯಿತು. ಅವಳು ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋದಳು, ಮತ್ತೆ ಸೂಜಿಯ ಕೋಣೆಗೆ. ಚುಚ್ಚುವುದು ಕನ್ನಡಕದವಳು, ಬೆರಳಿಟ್ಟು ನಿಲ್ಲುವುದು ಇವಳು. ಯಾವಾಗಲಾದರೂ ಡ್ರಿಪ್ ಹಾಕಲು ಮನೆಗೆ ನರ್ಸ್ ಬಂದರೆ ನಮ್ಮನೆಯವರು ಸೂಜಿ ಡಬ್ಬಿಯಿಂದ ಹೊರಗೆ ಬರುವ ಮುಂಚೆಯೇ, "ಉರೀತಿದೆ ಅತ್ತಿಗೆ!" ಎಂದು ಕೂಗಿ ಅಕ್ಕನನ್ನು ಬೆಚ್ಚಿಬೀಳಿಸುತ್ತಿದ್ದರು. ಅವಳು ಅವರ ಭುಜಕ್ಕೆ ಗುದ್ದುತ್ತಿದ್ದಳು. ಬರಬರುತ್ತಾ ಕೂಗು ಮೆಲ್ಲಗಾಯಿತು, ಗುದ್ದೂ ಮೆಲ್ಲಗಾಯಿತು.

ಕೊನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಮಂಚದ ಮೇಲೆ ಅವರಿಗೆ ಎಚ್ಚರವಿರಲಿಲ್ಲ. ಎಡಗೈಗೆ ಸಣ್ಣದಾಗಿ ಡ್ರಿಪ್ ಹೋಗುತ್ತಿತ್ತು. ಅಕ್ಕ ಸ್ಟೂಲು ಎಳೆದುಕೊಂಡು ಮಂಚದ ತಲೆಯ ಕಡೆ ಕೂತು, ಸೂಜಿಗಿಂತ ಒಂದಂಗುಲ ಮುಂದೆ ಬೆರಳಿಟ್ಟಳು. ಡ್ರಿಪ್ಪಿಗೆ ಅಷ್ಟೆಲ್ಲ ಬೇಕಾಗಿಲ್ಲ, ಅವಳಿಗೂ ಗೊತ್ತು. "ಉರಿದ್ರೆ ಹೇಳಿ," ಅಂದಳು. ಅಂದು, ಉತ್ತರಕ್ಕೆ ಕಾದಳು. ನಾನು ಇನ್ನೊಂದು ಪಕ್ಕದಲ್ಲಿ ಅವರ ಮುದುಡಿದ ಬೆರಳುಗಳನ್ನು ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಂದಳು, "ಹೇಳಿ ಮಹಾಶಯರೇ. ಸುಮ್ನಿರ್ಬೇಡಿ."

ಡಾಕ್ಟರು ಬಂದು ನೋಡಿ, ಗಡಿಯಾರ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು. ನರ್ಸ್ ಬಂದು ಡ್ರಿಪ್ ನಿಲ್ಲಿಸಿ, ಬಾಟಲಿ ಬಿಚ್ಚಿಕೊಂಡು ಹೋದಳು. ಅಕ್ಕ ಅಲುಗಲಿಲ್ಲ. ಅವಳ ಬೆರಳು ಈಗ ನಡುಗುತ್ತಿರಲಿಲ್ಲ. ನಾನು ಎದ್ದು ಆ ಪಕ್ಕಕ್ಕೆ ಹೋಗಿ, "ಸಾಕು ಅಕ್ಕಾ" ಎಂದೆ. ಅವಳಿಗೆ ಕೇಳಿಸಲಿಲ್ಲ. ಕೊನೆಗೆ ನಾನೇ ಅವಳ ಬೆರಳನ್ನು ಹಿಡಿದು ಅಲ್ಲಿಂದ ತೆಗೆದೆ.